ಡೆಸಿಬಲ್ ಮೀಟರ್ ರಿವ್ಯೂ: ಹಳೇ ಹುಬ್ಬಳ್ಳಿಯ ಮಾಳಿಗೆ ಮೇಲೆ ಎರಡು ತಿಂಗಳು

ಮೊದಲೇ ಹೇಳಿಬಿಡುತ್ತೇನೆ. ಮೈಕಿನ ಸದ್ದಿನ ಮೇಲೆ ದೂರು ಕೊಡಬೇಕು, ಅದಕ್ಕೆ ಸಾಕ್ಷಿ ಬೇಕು ಅಂತ, ಸದ್ದನ್ನು ಡೆಸಿಬಲ್ ಲೆಕ್ಕದಲ್ಲಿ ಅಳೆಯೋ ಈ ಮೀಟರ್ ತಗೊಳ್ಳೋರಿದ್ದರೆ ತಗೋಬೇಡಿ, ಸುಮ್ನೆ ದುಡ್ಡು ದಂಡ. ನಮ್ಮ ಓಣಿಯಲ್ಲಿ ಯಾವುದು ಎಷ್ಟು ಸದ್ದು ಮಾಡುತ್ತದೆ ಅಂತ ನಿಮಗೇ ತಿಳಿಯಬೇಕು ಅಂತಿದ್ದರೆ ಧಾರಾಳವಾಗಿ ತಗೊಳ್ಳಿ. ನಾನು ಐದಕ್ಕೆ ಮೂರು ಸ್ಟಾರ್ ಕೊಟ್ಟಿದ್ದೇನೆ. ಎರಡು ಸ್ಟಾರ್ ಕಟ್ ಆಗಿದ್ದು ಗಣಪತಿ ಹಬ್ಬದಲ್ಲಿ, ಆ ಕಥೆ ಆಮೇಲೆ.

ಬೆಲೆ 1,450 ರೂಪಾಯಿ, ಆನ್‌ಲೈನ್‌ನಲ್ಲಿ ತರಿಸಿದ್ದು. ಕಂಪನಿ ಹೆಸರು ಬರೆಯಲ್ಲ. ಬರೆದರೂ ಉಪಯೋಗ ಇಲ್ಲ, ಯಾಕಂದರೆ ಇದೇ ಮೀಟರು ಐದಾರು ಹೆಸರಿನಲ್ಲಿ ಮಾರಾಟಕ್ಕಿದೆ, ಸ್ಟಿಕ್ಕರ್ ಮಾತ್ರ ಬೇರೆ ಬೇರೆ. ಟಿವಿ ರಿಮೋಟಿನಷ್ಟು ಉದ್ದ, ತುದಿಗೆ ಒಂದು ಮೈಕು, ಅದರ ಮೇಲೆ ಗಾಳಿ ತಡೆಯೋಕೆ ಕರೀ ಸ್ಪಂಜಿನ ಉಂಡೆ. ಮೊದಲ ದಿನ ಇದನ್ನು ಹಿಡಿದು ಓಣಿಗೆ ಇಳಿದೆ ನೋಡಿ, ಪಾನ್ ಅಂಗಡಿ ಹುಡುಗ ಕೂದಲು ಸರಿ ಮಾಡಿಕೊಂಡು "ಅಣ್ಣಾ, ಯಾವ ಚಾನೆಲ್‌ರಿ?" ಅಂತ ಕೇಳಿದ.

ಯಾಕೆ ತಗೊಂಡೆ ಅಂತ ಹೇಳಬೇಕು. ನಾವಿರೋದು ಹಳೇ ಹುಬ್ಬಳ್ಳಿಯ ಒಂದು ಓಣಿಯಲ್ಲಿ. ಮಾಳಿಗೆ ಮೇಲೆ ನಿಂತರೆ ಒಂದು ಕಡೆ ಮಸೀದಿಯ ಮಿನಾರು, ಇನ್ನೊಂದು ಕಡೆ ಗುಡಿಯ ಶಿಖರ, ಎರಡೂ ಕೂಗಳತೆ ದೂರ. ನಮ್ಮ ಮೇಲಿನ ಮನೆಯಲ್ಲಿ ಒಬ್ಬರು ಕಾಕಾ ಇದ್ದಾರೆ. ಗಿರಣಿಯಲ್ಲಿ ದುಡಿದವರು. ಅವರಿಗೆ ಈ ಬೇಸಿಗೆಯಲ್ಲಿ ಹಾರ್ಟ್ ಆಪರೇಷನ್ ಆಯಿತು. ಡಾಕ್ಟರು ಚೆನ್ನಾಗಿ ನಿದ್ದೆ ಮಾಡಿ ಅಂದರು. ಆದರೆ ಇವರಿಗೆ ಬೆಳಗ್ಗೆ ಐದರ ಸುಮಾರಿಗೆ ಆಜಾನ್ ಆದ ಕೂಡಲೇ ಎಚ್ಚರ. ಆಮೇಲೆ ಎಷ್ಟು ಹೊರಳಾಡಿದರೂ ನಿದ್ದೆ ಇಲ್ಲ. "ಬಾಂಗ್ ಆದ್ರ ಸಾಕು, ಎದಿ ಧಸಕ್ ಅಂತೈತಿ ತಮ್ಮಾ" ಅಂತ ದಿನಾ ಮೆಟ್ಟಿಲ ಮೇಲೆ ಸಿಕ್ಕಾಗ ಹೇಳುತ್ತಿದ್ದರು.

ಅಷ್ಟರಲ್ಲಿ ಓಣಿಯ ಒಂದಿಬ್ಬರು ಹುಡುಗರು ಮಸೀದಿಯ ಮೈಕಿನ ಮೇಲೆ ಮನವಿ ಪತ್ರ ಟೈಪ್ ಮಾಡಿಸಿಕೊಂಡು ಮನೆ ಮನೆಗೆ ಸಹಿ ಮಾಡಿಸೋಕೆ ಬಂದರು. ಕಾಕಾ ಸಹಿ ಮಾಡಿದ್ದರು. ನಾನೂ ಪೆನ್ನು ಹಿಡಿದೆ. ಓದುತ್ತಾ ಹೋದರೆ ಮಧ್ಯದಲ್ಲಿ ಒಂದು ಸಾಲು: "ಶಬ್ದವು ಕಾನೂನಿನ ಮಿತಿಯನ್ನು ಮೀರಿದ್ದು". ಎಷ್ಟು ಮೀರಿದೆ ಅಂತ ಕೇಳಿದೆ. ಹುಡುಗರು ಮುಖ ಮುಖ ನೋಡಿಕೊಂಡರು. ಮಿತಿ ಎಷ್ಟು ಅಂತ ಕೇಳಿದೆ. ಅದೂ ಗೊತ್ತಿರಲಿಲ್ಲ. ನಿಜ ಹೇಳಬೇಕೆಂದರೆ ನನಗೂ ಗೊತ್ತಿರಲಿಲ್ಲ. ಗೊತ್ತಿಲ್ಲದ್ದಕ್ಕೆ ಸಹಿ ಹೆಂಗೆ ಮಾಡೋದು? ಎರಡು ವಾರ ತಡೀರಿ, ಅಳೆದು ನೋಡೋಣ ಅಂದೆ. ರಾತ್ರಿನೇ ಆರ್ಡರ್ ಮಾಡಿದೆ. ನಮ್ಮನೆಯಾಕೆ "ಊರ ಉಸಾಬರಿ ನಿಮಗ್ಯಾಕ್ರಿ" ಅಂದಳು. ಅವಳು ಹೇಳಿದ್ದರಲ್ಲಿ ತಪ್ಪೇನಿಲ್ಲ.

ಡಬ್ಬಿಯಲ್ಲಿ ಮೀಟರು, ಸ್ಪಂಜು, ಒಂದು ಸಣ್ಣ ಸ್ಕ್ರೂಡ್ರೈವರು, ಇರುವೆ ಅಕ್ಷರದ ಒಂದು ಚೀಟಿ, ಮತ್ತೆ ಒಂದು 9 ವೋಲ್ಟ್ ಸೆಲ್ಲು ಇತ್ತು. ಆ ಸೆಲ್ಲು ಎರಡನೇ ದಿನಕ್ಕೇ ಸತ್ತಿತು. ತಗೊಳ್ಳೋರು ಒಳ್ಳೇ ಸೆಲ್ಲು ಬೇರೆ ತಂದಿಟ್ಟುಕೊಳ್ಳಿ. ಸೆಲ್ಲು ವೀಕ್ ಆದರೆ ಪರದೆಯ ಮೇಲೆ ಗುರುತು ಬರುತ್ತದೆ, ಬಂದ ಮೇಲೂ ಅಂಕಿ ತೋರಿಸುತ್ತಲೇ ಇರುತ್ತದೆ, ಆದರೆ ಆಗ ಅದನ್ನು ನಂಬಬೇಡಿ. ಅಳತೆ 30ರಿಂದ 130 ಡೆಸಿಬಲ್ ತನಕ. ಕತ್ತಲಲ್ಲಿ ನೋಡೋಕೆ ಪರದೆಗೆ ಲೈಟ್ ಇದೆ, ಅದು ಹತ್ತು ಸೆಕೆಂಡಿಗೆ ಆಫ್ ಆಗುತ್ತದೆ, ಸಿಟ್ಟು ಬರುತ್ತದೆ.

ಫೋನಿನ ಆ್ಯಪ್ ಇರೋವಾಗ ಇದು ಯಾಕೆ ಅಂತ ನೀವು ಕೇಳಬಹುದು. ನಾನೂ ಮೊದಲು ಆ್ಯಪ್ ಹಾಕಿಕೊಂಡೇ ನೋಡಿದ್ದು. ಸಣ್ಣ ಸದ್ದಿಗೆ ಹೆಚ್ಚು ಕಡಿಮೆ ಸರಿ ತೋರಿಸಿತು. ಆದರೆ ಫೋನಿನ ಮೈಕು ಇರೋದು ಮಾತಾಡೋಕೆ, ಜೋರು ಸದ್ದು ಬಂದರೆ ಅದು ತಾನೇ ತಗ್ಗಿಸಿಕೊಳ್ಳುತ್ತದೆ. ನಮ್ಮ ಮಿಕ್ಸರ್ ಪಕ್ಕ ಹಿಡಿದರೆ ಮೀಟರು 88 ಅಂದಿತು, ಫೋನು 79ಕ್ಕೇ ನಿಂತು ಮೇಲೆ ಏಳಲಿಲ್ಲ.

ಡೆಸಿಬಲ್ ಲೆಕ್ಕ ಒಂದು ತಲೆಗೆ ಹೋಗದಿದ್ದರೆ ಈ ಮೀಟರು ಬರೀ ಆಟಿಕೆ. ಇದು ನಮ್ಮ ಕೂಡೋ ಕಳೆಯೋ ಲೆಕ್ಕ ಅಲ್ಲ. ನಮ್ಮ ಮಿಕ್ಸರ್ 88, ಅದರ ಪಕ್ಕ ಇನ್ನೊಂದು ಅಂಥದೇ ಮಿಕ್ಸರ್ ಇಟ್ಟು ಹಚ್ಚಿದರೆ 176 ಆಗೋದಿಲ್ಲ, 91 ಆಗುತ್ತದೆ. ಮೂರು ಹೆಚ್ಚಾಯಿತು ಅಂದರೆ ಸದ್ದಿನ ಶಕ್ತಿ ಎರಡು ಪಟ್ಟು. ಹತ್ತು ಹೆಚ್ಚಾಯಿತು ಅಂದರೆ ಶಕ್ತಿ ಹತ್ತು ಪಟ್ಟು, ಕಿವಿಗೆ ಮಾತ್ರ ಸುಮಾರು ಎರಡು ಪಟ್ಟು ಜೋರು ಅನ್ನಿಸುತ್ತದೆ. ಬಯಲಿನಲ್ಲಿ ಸದ್ದಿನಿಂದ ಎರಡರಷ್ಟು ದೂರ ಸರಿದರೆ ಆರು ಕಡಿಮೆಯಾಗುತ್ತದೆ. ಇಷ್ಟು ಸಾಕು. ಇಷ್ಟು ಗೊತ್ತಿದ್ದರೆ "ಬರೇ ಐದು ಪಾಯಿಂಟ್ ಜಾಸ್ತಿ ಅಲ್ರಿ" ಅನ್ನೋರಿಗೆ ಉತ್ತರ ಕೊಡಬಹುದು.

ಇನ್ನು ಮಿತಿ ಎಷ್ಟು? ಮೀಟರು ಬರೋ ತನಕ ಕೂತು ಓದಿಕೊಂಡೆ. ನಮ್ಮ ದೇಶದಲ್ಲಿ ಇದಕ್ಕೆ 2000ನೇ ಇಸವಿಯ ಶಬ್ದ ಮಾಲಿನ್ಯ ನಿಯಮಗಳು ಇವೆ. ಜನ ವಾಸ ಮಾಡೋ ಜಾಗದಲ್ಲಿ ಹಗಲಿಗೆ 55, ರಾತ್ರಿಗೆ 45. ವ್ಯಾಪಾರದ ಜಾಗಕ್ಕೆ 65 ಮತ್ತು 55. ಕಾರ್ಖಾನೆ ಪ್ರದೇಶಕ್ಕೆ 75 ಮತ್ತು 70. ಆಸ್ಪತ್ರೆ, ಶಾಲೆ, ಕೋರ್ಟಿನ ಸುತ್ತ 100 ಮೀಟರ್ ನಿಶ್ಶಬ್ದ ವಲಯ, ಅಲ್ಲಿ 50 ಮತ್ತು 40. ರಾತ್ರಿ ಅಂದರೆ ಹತ್ತರಿಂದ ಬೆಳಗ್ಗೆ ಆರು. ಆ ಹೊತ್ತಿನಲ್ಲಿ ಹೊರಗಡೆ ಧ್ವನಿವರ್ಧಕ ಹಚ್ಚುವಂತೆಯೇ ಇಲ್ಲ, ಮುಚ್ಚಿದ ಸಭಾಂಗಣದ ಒಳಗೆ ಬೇರೆ ಮಾತು. ಹಗಲಿನಲ್ಲೂ ಬರಹದ ಅನುಮತಿ ಬೇಕು. ಅನುಮತಿ ಇದ್ದರೂ, ಹಚ್ಚಿದ ಜಾಗದ ಗಡಿಯಲ್ಲಿ ಅಳೆದರೆ ಆ ಪ್ರದೇಶದ ಮಿತಿಗಿಂತ ಹತ್ತು ಜಾಸ್ತಿ ಅಥವಾ 75, ಎರಡರಲ್ಲಿ ಯಾವುದು ಕಡಿಮೆಯೋ ಅದನ್ನು ದಾಟಬಾರದು. ಅಂದರೆ ನಮ್ಮಂಥ ಓಣಿಯಲ್ಲಿ ಹಗಲಿಗೆ 65.

ಇಲ್ಲಿ ನೋಡಿ, ಮಸೀದಿ ಅಂತಾಗಲೀ ಗುಡಿ ಅಂತಾಗಲೀ ಚರ್ಚು ಅಂತಾಗಲೀ ಬೇರೆ ಬೇರೆ ಸಾಲಿಲ್ಲ. ಎಲ್ಲರಿಗೂ ಒಂದೇ ಪಟ್ಟಿ. 2000ದಲ್ಲೇ ಸುಪ್ರೀಂ ಕೋರ್ಟ್ ಒಂದು ಚರ್ಚಿನ ಕೇಸಿನಲ್ಲಿ, ಮೈಕು ಡೋಲು ಬಾರಿಸಿ ಪಕ್ಕದವರ ನೆಮ್ಮದಿ ಕೆಡಿಸಿ ಪ್ರಾರ್ಥನೆ ಮಾಡಿ ಅಂತ ಯಾವ ಧರ್ಮವೂ ಹೇಳಿಲ್ಲ ಅಂತ ಅಂದಿತ್ತು. ಶಬ್ದ ಮಾಲಿನ್ಯದ ಮೇಲೆ ಅದೇ ಕೋರ್ಟಿನ 2005ರ ಜುಲೈ 18ರ ತೀರ್ಪು ಇನ್ನೂ ದೊಡ್ಡದು. ನಮ್ಮ ರಾಜ್ಯದಲ್ಲಿ 2022ರಲ್ಲಿ ಆಜಾನಿನ ಮೈಕಿನ ಮೇಲೆ ಗಲಾಟೆ ಆಯಿತಲ್ಲ, ಆಗ ಮೇ ತಿಂಗಳಲ್ಲಿ ಸರ್ಕಾರ ಎಲ್ಲರೂ ಅನುಮತಿ ತಗೋಬೇಕು ಅಂತ ಆದೇಶ ಹೊರಡಿಸಿತು. ಅದೇ ವರ್ಷ ಆಗಸ್ಟಿನಲ್ಲಿ, ಆಜಾನಿನ ಮಾತುಗಳೇ ಬೇರೆ ಧರ್ಮದವರ ಹಕ್ಕಿಗೆ ಧಕ್ಕೆ ಅನ್ನೋ ವಾದವನ್ನು ನಮ್ಮ ಹೈಕೋರ್ಟ್ ಒಪ್ಪಲಿಲ್ಲ, ಸದ್ದಿನ ನಿಯಮ ಮಾತ್ರ ಜಾರಿ ಮಾಡಿ ಅಂದಿತು. ಅಂದರೆ ಏನು ಕೂಗುತ್ತಾರೆ ಅನ್ನೋದು ಬೇರೆ, ಎಷ್ಟು ಜೋರಾಗಿ ಮತ್ತೆ ಎಷ್ಟು ಹೊತ್ತಿಗೆ ಅನ್ನೋದು ಬೇರೆ. ಎರಡನೆಯದನ್ನು ಅಳೆಯೋಕೆ ಈ ರಿಮೋಟು.

ಮೊದಲ ಸೋಮವಾರ ನಾಲ್ಕೂ ಮುಕ್ಕಾಲಿಗೆ ಮಾಳಿಗೆ ಹತ್ತಿದೆ. ಶ್ರಾವಣ. ಜಿಟಿ ಜಿಟಿ ಮಳೆ ಈಗಷ್ಟೇ ನಿಂತಿತ್ತು. ಒಗೆದ ಬಟ್ಟೆ ಒಣಗದೆ ಹಗ್ಗದ ಮೇಲೆ ಹಾಗೇ ಇತ್ತು. ಕಾಕಾ ಆಗಲೇ ಕುರ್ಚಿ ಹಾಕಿಕೊಂಡು ಕೂತಿದ್ದರು, ತಲೆಗೆ ಮಫ್ಲರ್. ಯಾವ ಸದ್ದೂ ಇಲ್ಲದಾಗ ಮೀಟರು 44 ತೋರಿಸಿತು. ಒಂದು ನಾಯಿ ಬೊಗಳಿತು, 58. ಹಾಲಿನ ಗಾಡಿ ಹೋಯಿತು, 61. ಅಂದರೆ ರಾತ್ರಿಯ 45 ಅನ್ನೋ ಮಿತಿಯನ್ನು ನಮ್ಮ ಓಣಿ ಯಾರ ಸಹಾಯವೂ ಇಲ್ಲದೆ ಮುರಿಯುತ್ತದೆ.

ಐದು ದಾಟಿ ಒಂದೆರಡು ನಿಮಿಷ. ಮಿನಾರಿನಿಂದ ಮೊದಲು "ಠಕ್" ಅಂತ ಬಂತು, ಮೈಕು ಆನ್ ಆಗೋ ಸದ್ದು. ಆಮೇಲೆ ಬೆರಳಿನಿಂದ ಮೈಕು ಬಡಿದು ನೋಡುತ್ತಾರಲ್ಲ, "ಡಬ್ ಡಬ್". ಒಂದು ಸಲ "ಕುಂಯ್" ಅಂತ ಕೀರಲು. ಅದಾದ ಮೇಲೆ ಆಜಾನ್ ಶುರು. ಮೂರು ನಿಮಿಷ ಇರಬಹುದು. ಅದು ಮುಗಿಯೋದರೊಳಗೆ ದೂರದ ಇನ್ನೊಂದು, ಅದರ ಹಿಂದೆ ಇನ್ನೊಂದು, ಹೀಗೆ ಒಂದರ ಮೇಲೊಂದು ಏಳೆಂಟು ನಿಮಿಷ. ದೂರದವೆಲ್ಲ 50ರ ಆಸುಪಾಸು, ಗಾಳಿ ಬಂದ ಕಡೆ ಹೋಗುತ್ತಿದ್ದವು.

ಮೀಟರಿನಲ್ಲಿ ಮ್ಯಾಕ್ಸ್ ಅಂತ ಒಂದು ಬಟನ್ ಇದೆ. ಒತ್ತಿದರೆ ಅಲ್ಲಿಂದಾಚೆ ಬಂದ ಅತಿ ಜೋರು ಸದ್ದನ್ನು ಹಿಡಿದಿಟ್ಟುಕೊಳ್ಳುತ್ತದೆ. ಅದನ್ನು ಒತ್ತೇ ಕೂತಿದ್ದೆ. ಆಜಾನ್ ನಡೆಯುವಾಗ ಪರದೆಯ ಅಂಕಿ 66, 68, 69, ಹೀಗೆ ಓಡುತ್ತಿತ್ತು. ಆದರೆ ಮ್ಯಾಕ್ಸ್ ತೋರಿಸಿದ್ದು 81. ಎಲ್ಲಿಂದ ಬಂತು ಈ 81 ಅಂತ ಮರುದಿನ ಮತ್ತೆ ನೋಡಿದೆ. ಮೂರನೇ ದಿನವೂ ನೋಡಿದೆ. ಅದು ಆಜಾನಿಂದಲ್ಲ. ಆ "ಠಕ್" ಮತ್ತೆ "ಡಬ್ ಡಬ್"ನದ್ದು. ಕಾಕಾನ ಎದೆ ಧಸಕ್ ಅನ್ನಿಸೋದು ಅದೇ. ಕೇಳಿದರೆ ಅವರೂ ಯೋಚನೆ ಮಾಡಿ, "ಹೌದೋ, ಬಾಂಗ್ ಶುರು ಆಗೋದ್ರಾಗ ನಾ ಎದ್ದು ಕುಂತಿರ್ತೇನಿ" ಅಂದರು.

ಈ ಒಂದು ಬಟನ್ನಿಗೇ ಎರಡು ಸ್ಟಾರ್ ಕೊಡಬಹುದು.

ಐದೂವರೆಗೆ ಗುಡಿಯ ಭಜನೆ ಹಾಡು. ಶ್ರಾವಣ ಅಂದ ಮೇಲೆ ಇರಲೇಬೇಕು. ಮಾಳಿಗೆ ಮೇಲೆ 72. ಆಜಾನಿಗಿಂತ ಮೂರು ಹೆಚ್ಚು, ಮತ್ತೆ ಮೂರು ನಿಮಿಷ ಅಲ್ಲ, ಮುಕ್ಕಾಲು ತಾಸು. ಕಾಕಾಗೆ ಅಂಕಿ ತೋರಿಸಿದೆ. ಅವರು ಮೀಟರನ್ನು ಕೈಗೆ ತಗೊಂಡು ಹಿಂದೆ ಮುಂದೆ ತಿರುವಿ ನೋಡಿ, "ಸೆಲ್ ವೀಕ್ ಆಗಿರಬೇಕ ನೋಡು" ಅಂದರು. ಹೊಸ ಸೆಲ್ಲು ಹಾಕಿದೆ. 72. ಚಹಾ ಕುಡಿದು ಕೆಳಗೆ ಇಳಿದುಬಿಟ್ಟರು, ಮಾತಿಲ್ಲ.

ಉಳಿದವನ್ನು ಬೇಗ ಹೇಳುತ್ತೇನೆ. ಆರೂ ನಲವತ್ತಕ್ಕೆ ಹಾಡು ಹಚ್ಚಿಕೊಂಡು ಬರೋ ಕಸದ ಗಾಡಿ, ಬಾಗಿಲ ಮುಂದೆ 84. ಮನೆಯ ಕುಕ್ಕರ್ ಸೀಟಿ ಒಲೆ ಹತ್ತಿರ 90ರ ಮೇಲೆ. ಸಂಜೆ ಗುಡಿಯ ಪುರಾಣ ಪ್ರವಚನ, ಶಾಸ್ತ್ರಿಗಳು ಸಮಾಧಾನವಾಗಿದ್ದಾಗ 64, ಕಥೆಯಲ್ಲಿ ರಾಕ್ಷಸ ಬಂದಾಗ 76. ಒಂದು ಮದುವೆಯ ಬೆಂಜೋ ಪಾರ್ಟಿ ಓಣಿಯಲ್ಲಿ ಹಾದುಹೋದಾಗ 99. ನಮ್ಮವ್ವ ಫೋನಿನಲ್ಲಿ ಗದಗಿನಲ್ಲಿರೋ ತಂಗಿ ಜೊತೆ ಮಾತಾಡುವಾಗ 78. ಇದನ್ನು ಅವ್ವನಿಗೆ ಹೇಳಬಾರದಿತ್ತು.

ಎರಡನೇ ವಾರ ಮಸೀದಿ ಕಮಿಟಿಯ ಭಾಯಿ ಹತ್ತಿರ ಹೋದೆ. ಅವರದು ಟೈರ್ ಅಂಗಡಿ, ನನ್ನ ಗಾಡಿಗೆ ಪಂಕ್ಚರ್ ಹಾಕೋರು ಅವರೇ, ಹಂಗಾಗಿ ಪರಿಚಯ. ಹೋಗೋಕೆ ಮೊದಲು ಅಳುಕಿತ್ತು, ಸುಳ್ಳು ಹೇಳಲ್ಲ. ಈ ಕಾಲದಲ್ಲಿ ಇಂಥ ಮಾತನ್ನು ಹೆಂಗೆ ಎತ್ತೋದು? "ಭಾಯಿ, ನಿಮ್ಮ ಮೈಕು ಜೋರಾಗಿದೆ" ಅಂತ ಶುರು ಮಾಡಿದ್ದರೆ ಮಾತು ಅಲ್ಲಿಗೇ ಮುಗಿಯುತ್ತಿತ್ತು. ಮೀಟರು ತೆಗೆದು ಮೇಜಿನ ಮೇಲೆ ಇಟ್ಟೆ. ಅವರು ಅದರ ಮುಂದೆ ಚಪ್ಪಾಳೆ ಹೊಡೆದು ನೋಡಿದರು. ಕಂಪ್ರೆಸರ್ ಹಚ್ಚಿ ನೋಡಿದರು. "ಏ, ಮಸ್ತ್ ಐತಿ ಇದು" ಅಂದರು. ಅಂಗಡಿಯ ಇಬ್ಬರು ಹುಡುಗರು ಯಾರು ಜೋರಾಗಿ ಸೀಟಿ ಹೊಡೀತಾರೆ ಅಂತ ಪಂದ್ಯ ಕಟ್ಟಿದರು. ಇದೆಲ್ಲ ಆಗೋದಕ್ಕೆ ಅರ್ಧ ತಾಸು. ಆಮೇಲೆ ನಾನು ಕಾಕಾನ ಎದೆ ವಿಷಯ, 81ರ ವಿಷಯ ಹೇಳಿದೆ. ಮಧ್ಯಾಹ್ನದ ಮೇಲಿನ ಅಸರ್ ನಮಾಜು ಮುಗಿಸಿ "ಬರ್ರಿ, ನೀವ ನೋಡ್ರಿ" ಅಂತ ಕರೆದುಕೊಂಡು ಹೋದರು.

ಆಂಪ್ಲಿಫೈಯರ್ ಇದ್ದಿದ್ದು ಪಕ್ಕದ ಸಣ್ಣ ಕೋಣೆಯಲ್ಲಿ, ಒಂದು ಸ್ಟೀಲ್ ರ್ಯಾಕಿನ ಮೇಲೆ, ಧೂಳು ಬೀಳದಂತೆ ಹೂವಿನ ಚಿತ್ರದ ಪ್ಲಾಸ್ಟಿಕ್ ಹೊದಿಸಿ. ಗೋಡೆಗೆ ಅನುಮತಿ ಪತ್ರ, ಅದಕ್ಕೂ ಪ್ಲಾಸ್ಟಿಕ್ ಕವರ್. ವಾಲ್ಯೂಮ್ ತಿರುವೋ ಗುಂಡಿಯ ಪಕ್ಕ ಕೆಂಪು ನೇಲ್ ಪಾಲಿಶಿನ ಒಂದು ಚುಕ್ಕಿ. 2022ರ ಆದೇಶ ಬಂದಾಗ ಸೌಂಡ್ ಸರ್ವಿಸ್‌ನವನನ್ನು ಕರೆಸಿ, ಇದಕ್ಕಿಂತ ಮೇಲೆ ತಿರುವಬಾರದು ಅಂತ ಹಾಕಿಸಿದ್ದಂತೆ. ಚುಕ್ಕಿ ದಾಟಿಲ್ಲ, ನಾನೇ ನೋಡಿದೆ. ಹಂಗಿದ್ದರೆ ನಮ್ಮ ಮಾಳಿಗೆಗೆ ಇಷ್ಟು ಹೇಗೆ ಬರುತ್ತದೆ? ಮೇಲೆ ಹತ್ತಿ ನೋಡಿದರೆ ನಾಲ್ಕು ಭೋಂಗಾಗಳಲ್ಲಿ (ಕಹಳೆಯಂಥ ಸ್ಪೀಕರ್) ಒಂದರ ಕ್ಲಾಂಪು ಸಡಿಲಾಗಿ, ಗಾಳಿಗೋ ಮಂಗಗಳ ಕೈಗೋ ಸಿಕ್ಕಿ, ಬಾಯಿ ತಗ್ಗಿಸಿಕೊಂಡು ನೆಟ್ಟಗೆ ನಮ್ಮ ಮನೆಯನ್ನೇ ನೋಡುತ್ತಿತ್ತು. ಇಂಥ ಭೋಂಗಾದ ಗುಣವೇ ಅದು, ಬಾಯಿ ಇದ್ದ ಕಡೆ ಪೂರ್ತಿ ಸದ್ದು, ಪಕ್ಕಕ್ಕೆ ತಿರುಗಿದರೆ ಬಹಳ ಕಡಿಮೆ. ಟೈರ್ ಅಂಗಡಿಯ ಹುಡುಗ ಸ್ಪ್ಯಾನರ್ ತಂದು ಐದು ನಿಮಿಷದಲ್ಲಿ ತಿರುಗಿಸಿ ಬಿಗಿದ. ಅವತ್ತು ಸಂಜೆಯ ಮಗರಿಬ್ ಆಜಾನಿಗೆ ನಮ್ಮ ಮಾಳಿಗೆ ಮೇಲೆ 61.

ಠಕ್ ಮತ್ತೆ ಡಬ್ ಡಬ್ ಕಥೆ ಇನ್ನೂ ಸುಲಭ ಇತ್ತು. ಆಜಾನ್ ಕೊಡೋ ಮುಲ್ಲಾ ಸಾಹೇಬರು ವಯಸ್ಸಾದವರು. ವಾಲ್ಯೂಮು ಚುಕ್ಕಿಯ ಮೇಲೇ ಇರುತ್ತದೆ, ಬಂದವರೇ ಮೈಕಿನ ಸ್ವಿಚ್ ಒತ್ತುತ್ತಾರೆ, ಬಂದಿದೆಯೋ ಇಲ್ಲವೋ ಅಂತ ಬೆರಳಲ್ಲಿ ಬಡಿಯುತ್ತಾರೆ. ಮೊದಲು ವಾಲ್ಯೂಮ್ ಸೊನ್ನೆ ಮಾಡಿ, ಮೈಕು ಆನ್ ಮಾಡಿ, ಆಮೇಲೆ ನಿಧಾನ ತಿರುವಿದರೆ ಆಯಿತು, ಬಡಿಯೋದು ಬೇಕಿಲ್ಲ. ಅವರು ಎರಡು ಸಲ ಮಾಡಿ ನೋಡಿದರು. "ಯಾರೂ ಹೇಳೇ ಇಲ್ಲಲ್ರಿ ಇದನ್ನ" ಅಂದರು. ಬೆಳಗಿನ ಆಜಾನಿನಲ್ಲಿ ಮಾತ್ರ ಬರೋ ಒಂದು ಸಾಲಿದೆ, ನಿದ್ದೆಗಿಂತ ನಮಾಜು ಲೇಸು ಅಂತ ಅದರ ಅರ್ಥ. ಅದನ್ನು ಹೇಳಿ, "ಕಾಕಾರಿಗೆ ಹೇಳ್ರಿ, ಅದು ಅವರಿಗಲ್ಲ, ನಮ್ಮ ಹುಡುಗರಿಗೆ, ಅವರಂತೂ ಏಳಂಗಿಲ್ಲ" ಅಂತ ನಕ್ಕರು.

ಆದರೆ ಅಸಲು ಪ್ರಶ್ನೆ ಬೇರೆ. ಹುಬ್ಬಳ್ಳಿಯಲ್ಲಿ ಬೆಳಗಿನ ಫಜರ್ ಆಜಾನ್ ವರ್ಷದ ಯಾವ ದಿನವೂ ಆರರ ಮೇಲೆ ಬರೋದಿಲ್ಲ. ಜನವರಿಯಲ್ಲಿ ಸೂರ್ಯ ಏಳಕ್ಕೆ ಹುಟ್ಟುವಾಗಲೂ ಅದು ಆರರ ಒಳಗೇ. ಅಂದರೆ ಹೊರಗಿನ ಭೋಂಗಾದಲ್ಲಿ ಫಜರ್ ಕೊಟ್ಟರೆ ಅಳತೆ ಎಷ್ಟೇ ಇರಲಿ, ನಿಯಮದ ಪ್ರಕಾರ ಅದು ರಾತ್ರಿ. ಇದನ್ನು ಭಾಯಿಗೆ ನೇರವಾಗಿಯೇ ಹೇಳಿದೆ. ಅವರಿಗೆ ಗೊತ್ತಿತ್ತು. "ಒಳಗಿನ ಬಾಕ್ಸ್ ಮ್ಯಾಲ ಅಷ್ಟ ಕೊಡೂನು ಅಂತ ಕಮಿಟ್ಯಾಗ ಮಾತಾಗೈತ್ರಿ. ಹಿರ್ಯಾರು ಒಪ್ಪವಲ್ರು. ಗುಡಿದೂ ಆರರೊಳಗ ಶುರು ಆಗತೈತಿ, ಅವರು ಬಂದ್ ಮಾಡ್ಲಿ, ನಾವೂ ಮಾಡ್ತೇವಿ ಅಂತಾರ." ಸದ್ಯಕ್ಕೆ ಫಜರ್‌ಗೆ ಅಂತ ಗುಂಡಿಯ ಪಕ್ಕ ಇನ್ನೊಂದು ಚುಕ್ಕಿ ಬಿತ್ತು, ಹಸಿರು ಬಣ್ಣ, ಕೆಂಪಿಗಿಂತ ಕೆಳಗೆ. ನಮ್ಮ ಮಾಳಿಗೆಗೆ 54. ಕಿಟಕಿ ಹಾಕಿದರೆ ಒಳಗೆ ಕೇಳೋದಿಲ್ಲ. ನಿಯಮದ ಪ್ರಕಾರ ಇದೂ ಸಾಲದು. ನನಗೆ ಕೇಳಿದರೆ ಪೂರ್ತಿ ಒಳಗಿನ ಬಾಕ್ಸಿಗೇ ಬರಬೇಕು. ಈಗಂತೂ ಎಲ್ಲರ ಫೋನಿನಲ್ಲಿ ಅಲಾರಾಂ ಇದೆ, ಆಜಾನ್ ಆ್ಯಪೂ ಇದೆ.

ಗುಡಿಗೆ ಹೋದೆ. ಅದು ಮೂರು ವಾರ ಹಿಡಿಯಿತು.

ಮೊದಲ ದಿನ ಕಟ್ಟೆ ಮೇಲೆ ಕೂತ ಹಿರಿಯರೊಬ್ಬರು "ಯಾರು, ಮಸೂತಿಯವರು ಕಳಿಸ್ಯಾರೇನು?" ಅಂದರು. ನನ್ನ ಮನೆದೇವರ ಗುಡಿಯಲ್ಲೇ ನನಗೆ ಈ ಮಾತು! ಸಿಟ್ಟು ಬಂತು, ನುಂಗಿಕೊಂಡೆ. ಅರ್ಚಕರು ಒಳ್ಳೆಯವರು, ಆದರೆ "ಅದನ್ನ ನಾ ಮುಟ್ಟಂಗಿಲ್ಲಪಾ, ಸೌಂಡ್ ಹುಡುಗ ಸೆಟ್ ಮಾಡಿ ಹೋಗ್ಯಾನ" ಅಂದರು. ಆಂಪ್ಲಿಫೈಯರ್ ಒಂದು ಮರದ ಕಪಾಟಿನಲ್ಲಿ, ಕಪಾಟಿಗೆ ಬೀಗ, ಬೀಗದ ಕೈ ಒಬ್ಬ ಟ್ರಸ್ಟಿ ಹತ್ತಿರ, ಟ್ರಸ್ಟಿ ಮಗಳ ಮನೆಗೆ ಹಾವೇರಿಗೆ ಹೋಗಿದ್ದಾರೆ. ಅವರು ಬಂದ ಮೇಲೆ ಕೀಲಿ ಯಾವುದು ಅಂತ ಗೊಂಚಲಿನಲ್ಲಿ ಸಿಗಲಿಲ್ಲ. ಕೊನೆಗೆ ಕಪಾಟು ತೆಗೆದಾಗ ಗೊತ್ತಾಗಿದ್ದು ಏನು ಗೊತ್ತಾ? ಒಂದು ಪೆನ್‌ಡ್ರೈವು, ಒಂದು ಟೈಮರ್ ಸ್ವಿಚ್ಚು. ಐದೂವರೆಗೆ ಅದೇ ಆನ್ ಆಗುತ್ತದೆ, ಆರೂ ಕಾಲಿಗೆ ಅದೇ ಆಫ್. ಆ ಹೊತ್ತಿನಲ್ಲಿ ಗುಡಿಯಲ್ಲಿ ಒಂದು ನರಪಿಳ್ಳೆಯೂ ಇರೋದಿಲ್ಲ. ಅರ್ಚಕರು ಬಾಗಿಲು ತೆಗೆಯೋದೇ ಆರಕ್ಕೆ. ಇಷ್ಟು ದಿನ ಆ ಭಜನೆಯನ್ನು ಕೇಳುತ್ತಿದ್ದವರು ಮಲಗಿದ್ದ ಓಣಿಯ ಜನ, ಮತ್ತೆ ದೇವರು.

ಟ್ರಸ್ಟಿಗೆ ಮೀಟರು ತೋರಿಸಿ, ಗುಡಿಯ ಗೇಟಿನಲ್ಲೇ ಅಳೆದೆ, 83. ಅವರು ಕನ್ನಡಕ ಏರಿಸಿಕೊಂಡು ಅಂಕಿ ನೋಡಿದರು, ನನ್ನ ಮುಖ ನೋಡಿದರು, ಟೈಮರಿನ ಮುಳ್ಳನ್ನು ತಾವೇ ಆರೂ ಐದಕ್ಕೆ ತಿರುಗಿಸಿದರು. ವಾಲ್ಯೂಮು ತಗ್ಗಿಸಿದರು, ಗೇಟಿನಲ್ಲಿ 66 ಬಂತು. ಇನ್ನೊಂದು ಬೇಕಿತ್ತು, ನಾನು ಹೆಚ್ಚು ಎಳೆಯಲಿಲ್ಲ. ಈಗ ಮಸೀದಿಯ ಹಿರಿಯರಿಗೆ ಹೇಳೋಕೆ ಭಾಯಿಗೆ ಒಂದು ಮಾತು ಸಿಕ್ಕಿದೆ, ಮುಂದಿನ ಕಮಿಟಿಯಲ್ಲಿ ಇಡುತ್ತೇನೆ ಅಂದಿದ್ದಾರೆ.

ಇಷ್ಟರ ತನಕ ನಾನು ಈ ಮೀಟರಿಗೆ ಐದು ಸ್ಟಾರ್ ಕೊಡೋ ಲೆಕ್ಕದಲ್ಲಿದ್ದೆ. ಆಮೇಲೆ ಗಣಪತಿ ಬಂತು. ಹುಬ್ಬಳ್ಳಿ ಗಣಪತಿ ಹೆಂಗಿರುತ್ತದೆ ಅಂತ ಗೊತ್ತಿರೋರಿಗೆ ಹೇಳಬೇಕಿಲ್ಲ. ನೋಡೋಕೆ ಎರಡು ಕಣ್ಣು ಸಾಲದು, ನಾನೇ ಮಕ್ಕಳನ್ನು ಹೆಗಲ ಮೇಲೆ ಹೊತ್ತು ದುರ್ಗದಬೈಲ್ ತನಕ ತಿರುಗಿದವನು. ಆದರೆ ಕಳಿಸೋ ರಾತ್ರಿ ಒಂದು ಡಿಜೆ ನಮ್ಮ ಓಣಿಯ ಬಾಯಲ್ಲಿ ಬಂದು ನಿಂತುಬಿಟ್ಟಿತು. ಹನ್ನೊಂದೂವರೆ. ಮೀಟರು 97 ತೋರಿಸಿತು. ನನಗೆ ಆಶ್ಚರ್ಯ, ಇಷ್ಟೇನಾ? ಮದುವೆಯ ಬೆಂಜೋ 99 ಇತ್ತು, ಆದರೆ ಅದಕ್ಕೆ ಕಿಟಕಿ ಅದುರಿರಲಿಲ್ಲ. ಇಲ್ಲಿ ಕಾಕಾನ ಮನೆಯ ಮಾಡದ ಮೇಲಿನ ಸ್ಟೀಲ್ ತಾಟುಗಳು ಜಿರ್ ಜಿರ್ ಅಂತ ತಾವೇ ಸರಿಯುತ್ತಿದ್ದವು, ಒಂದು ಲೋಟ ಬಿದ್ದೂ ಬಿತ್ತು.

ಮೀಟರಿನಲ್ಲಿ ಎ ಮತ್ತು ಸಿ ಅಂತ ಒಂದು ಬಟನ್ ಇದೆ, ಅಲ್ಲಿ ತನಕ ಮುಟ್ಟಿರಲಿಲ್ಲ. ಎ ಅಂದರೆ ನಮ್ಮ ಕಿವಿ ಕೇಳೋ ರೀತಿ ಅಳೆಯೋದು. ಸಣ್ಣ ಸದ್ದಿನಲ್ಲಿ ಕಿವಿಗೆ ದಪ್ಪ ಸ್ವರ ಕಡಿಮೆ ಕೇಳುತ್ತದೆ, ಹಂಗಾಗಿ ಎ ಲೆಕ್ಕದಲ್ಲಿ ದಪ್ಪ ಸ್ವರಗಳನ್ನು ಬಹಳಷ್ಟು ಕಳೆದುಬಿಡುತ್ತಾರೆ. ನಿಯಮದ ಅಂಕಿಗಳೆಲ್ಲ ಎ ಲೆಕ್ಕದವೇ. ಸಿ ಹಾಕಿದರೆ ಆ ದಪ್ಪ ಸ್ವರವೂ ಸೇರುತ್ತದೆ. ಸಿ ಒತ್ತಿದೆ, 113. ಕಿಟಕಿ, ತಾಟು, ಕಾಕಾನ ಎದೆ, ಎಲ್ಲಕ್ಕೂ ಬಡಿಯುತ್ತಿದ್ದದ್ದು ಈ ಹದಿನಾರು. ಎದೆ ಹಿಡಿದುಕೊಂಡು ಅವರು ಅಡುಗೆಮನೆಯ ಮೂಲೆಯಲ್ಲಿ ಕೂತಿದ್ದರು, ಕಾಕಿ ಪಕ್ಕದಲ್ಲಿ ಮಾತ್ರೆ ಹಿಡಿದು ನಿಂತಿದ್ದರು. ಬಾಂಗ್ ಬಗ್ಗೆ ಮನವಿಗೆ ಸಹಿ ಹಾಕಿದ್ದ ಹುಡುಗರಲ್ಲಿ ಇಬ್ಬರು ಆ ಡಿಜೆ ಮುಂದೆ ಕುಣಿಯುತ್ತಿದ್ದರು, ನಾನು ಮೇಲಿಂದ ನೋಡಿದೆ.

112ಕ್ಕೆ ಫೋನ್ ಮಾಡಿದೆ. ಪೊಲೀಸರು ಬಂದರು, ಡಿಜೆ ತಗ್ಗಿಸಿದರು. ಹಬ್ಬದ ದಿನಗಳಿಗೆ ರಾತ್ರಿ ಹತ್ತರಿಂದ ಹನ್ನೆರಡರ ತನಕ ಸರ್ಕಾರ ಸಡಿಲಿಕೆ ಕೊಡಬಹುದು, ವರ್ಷಕ್ಕೆ ಎಲ್ಲ ಸೇರಿ ಹದಿನೈದು ದಿನ ಮೀರದಂತೆ. ಆದರೆ ಅದು ಹೊತ್ತಿನ ಸಡಿಲಿಕೆ, ಜೋರಿನದ್ದಲ್ಲ. ನಾನು ಹುರುಪಿನಲ್ಲಿ ಮೀಟರು ಮುಂದೆ ಹಿಡಿದು "ಸಾಹೇಬ್ರ, 97 ಐತ್ರಿ, ನೋಡ್ರಿ" ಅಂದೆ. ಅವರು ಟಾರ್ಚ್ ಬಿಟ್ಟು ನೋಡಿ ಬಹಳ ಮರ್ಯಾದೆಯಿಂದ ಕೇಳಿದರು: "ಇದಕ್ಕ ಕ್ಯಾಲಿಬ್ರೇಶನ್ ಸರ್ಟಿಫಿಕೇಟ್ ಐತೇನ್ರಿ?"

ಇಲ್ಲ. ಅಳತೆ ಸರಿಯಿದೆ ಅಂತ ಪರೀಕ್ಷೆ ಮಾಡಿ ಕೊಡೋ ಪತ್ರ ಅದು, ಅಲ್ಲಿಗೆ ಒಂದು ಸ್ಟಾರ್ ಹೋಯಿತು. ದೂರಿಗೆ ನಿಲ್ಲಬೇಕಾದರೆ ಕ್ಲಾಸ್ 1 ಅಥವಾ ಕ್ಲಾಸ್ 2 ಅನ್ನೋ ನಿಖರ ದರ್ಜೆಯ ಮೀಟರು ಬೇಕು. ಅಳೆಯೋ ಮೊದಲು ಸರಿಯಾಗಿ 94 ಡೆಸಿಬಲ್ ಸದ್ದು ಮಾಡೋ ಸಣ್ಣ ಯಂತ್ರವನ್ನು ಅದರ ಮೈಕಿಗೆ ಸಿಕ್ಕಿಸಿ ತಾಳೆ ನೋಡಬೇಕು. ಡಬ್ಬಿಯಲ್ಲಿ ಕೊಟ್ಟ ಸ್ಕ್ರೂಡ್ರೈವರು ಅದಕ್ಕೇ, ಆದರೆ ತಾಳೆ ನೋಡೋ ಯಂತ್ರವೇ ಇಲ್ಲದೆ ಅದನ್ನು ತಿರುವಿದರೆ ಇದ್ದ ಅಳತೆಯೂ ಕೆಡುತ್ತದೆ. ಅದನ್ನು ಮುಟ್ಟಲೇಬೇಡಿ.

ಇನ್ನೊಂದು ಸ್ಟಾರ್ ಹೋಗಿದ್ದು ಸರಾಸರಿಗೆ. ನಿಯಮದಲ್ಲಿರೋ 55, 45 ಎಲ್ಲ ಆ ಕ್ಷಣದ ಅಂಕಿ ಅಲ್ಲ, ಒಂದಿಷ್ಟು ಹೊತ್ತಿನ ಸದ್ದಿನ ಸರಾಸರಿ. ಈ ಮೀಟರಿಗೆ ಸರಾಸರಿ ತೆಗೆಯೋಕೆ ಬರೋದಿಲ್ಲ, ಬರೆದಿಟ್ಟುಕೊಳ್ಳೋಕೂ ಬರೋದಿಲ್ಲ. ಓಡುತ್ತಿರೋ ಅಂಕಿಯನ್ನು ತೋರಿಸುತ್ತದೆ ಅಷ್ಟೇ. ನಾನು ಮಗನ ಗಣಿತದ ಪಟ್ಟಿಯಲ್ಲಿ ಅರ್ಧ ಅರ್ಧ ನಿಮಿಷಕ್ಕೊಮ್ಮೆ ಬರೆದುಕೊಂಡೆ. ಆಫೀಸಿಗೆ ಹೋಗೋ ಹೊತ್ತಿಗೆ ತೂಕಡಿಕೆ.

ಅಂದ ಹಾಗೆ ಕಾಕಾ ಈಗಲೂ ಐದಕ್ಕೇ ಏಳುತ್ತಾರೆ. ಠಕ್ ಇಲ್ಲ, ಡಬ್ ಡಬ್ ಇಲ್ಲ, ಭಜನೆ ಆರರ ಮೇಲೆ, ಆದರೂ ಐದಕ್ಕೆ ಮಾಳಿಗೆ ಮೇಲೆ ಕುರ್ಚಿ. "ಮೂವತ್ತು ವರ್ಷ ಗಿರಣಿ ಭೋಂಗಾಕ್ಕ ಎದ್ದ ಮೈ ಇದು" ಅನ್ನುತ್ತಾರೆ. ಎದೆ ಧಸಕ್ ಅನ್ನೋದು ಮಾತ್ರ ನಿಂತಿದೆಯಂತೆ. ಮನವಿ ಪತ್ರ ಏನಾಯಿತು ಅಂತ ನಾನು ಕೇಳಿಲ್ಲ, ಅವರೂ ಹೇಳಿಲ್ಲ. ಡಿಜೆ ಮೇಲೆ ಒಂದು ಬರೆದುಕೊಡು ಅಂತ ಮಾತ್ರ ಎರಡು ಸಲ ಅಂದಿದ್ದಾರೆ.

ಮೀಟರು ಸದ್ಯ ನನ್ನ ಹತ್ತಿರ ಇಲ್ಲ. ಗುಡಿಯ ಟ್ರಸ್ಟಿ ಸಂಜೆ ಪ್ರವಚನಕ್ಕೆ ನೋಡ್ತೀನಿ ಅಂತ ನಾಲ್ಕು ದಿನ ಒಯ್ದಿದ್ದರು. ಅಲ್ಲಿಂದ ಟೈರ್ ಅಂಗಡಿ ಭಾಯಿ ಇಸಕೊಂಡಿದ್ದಾರೆ. ಸ್ಪಂಜಿನ ಉಂಡೆ ಎಲ್ಲೋ ಬಿದ್ದು ಹೋಯಿತು ಅಂತ ನಿನ್ನೆ ಫೋನ್ ಬಂತು. ಅದು ಬಿಡಿಯಾಗಿ ಎಲ್ಲಿ ಸಿಗುತ್ತದೆ ಅಂತ ಯಾರಿಗಾದರೂ ಗೊತ್ತಿದ್ದರೆ ಕೆಳಗೆ ಬರೆಯಿರಿ, ಒಳಗಿನ ಅಳತೆ ಅರ್ಧ ಇಂಚು.